ಬಿಳಿಗೆರೆಯ ಫಿಯಟ್ಟು

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಸೀಮೆಯಲ್ಲಿ, ಹೆಸರಿನಲ್ಲಿಯೇ ಒಂದು ಕೆರೆಯನ್ನು ಇರಿಸಿಕೊಂಡಿರುವ ನಮ್ಮ ಬಿಳಿಗೆರೆಯ ಚರಿತ್ರೆಯನ್ನು ಬರೆಯಲು ಯಾರಾದರೂ ವಿದ್ವಾಂಸರು ಮುಂದಾದರೆ, ಅವರು ಗುಡಿಗಳನ್ನೂ ಶಾಸನಗಳನ್ನೂ ಕೆರೆಕಾಲುವೆಗಳನ್ನೂ ಕಂದಾಯದ ಲೆಕ್ಕಗಳನ್ನೂ ಅರಸುವರೇ ಹೊರತು, ಊರಿನ ಒಂದು ಕೊಟ್ಟಿಗೆಯಲ್ಲಿ ಇಂದಿಗೂ ನಿಂತಿರುವ ಹಳೆಯ ಮೋಟಾರು ಕಾರೊಂದರ ಬಳಿಗೆ ಬರಲಾರರು. ಅದು ಸಹಜವೇ. ಕಲ್ಲು ಬಹುಕಾಲ ಬಾಳುತ್ತದೆ, ಅದರ ಮೇಲಿನ ಅಕ್ಷರಕ್ಕೆ ಪ್ರಾಮಾಣ್ಯವಿದೆ. ತಗಡಿಗೆ ತುಕ್ಕು ಹಿಡಿಯುತ್ತದೆ, ಅದನ್ನು ಕುರಿತ ಮಾತು ಜನರ ಬಾಯಲ್ಲಿ ಹುಟ್ಟಿ ಅಲ್ಲಿಯೇ ಅಳಿಯುತ್ತದೆ. ಆದಕಾರಣ, ಆ ಕಾರಿನ ಒಡೆತನದ ಸುಖವನ್ನೂ ಕಷ್ಟವನ್ನೂ ಕಂಡ ಮನೆಯವನಾದ ನಾನು, ಇಟಲಿಯ ವಸ್ತುವೊಂದು ಕಪಿಲೆಯ ಬಯಲಿಗೆ ಬಂದು ಇಲ್ಲಿಯದೇ ಆದ ವೃತ್ತಾಂತವನ್ನು ಬರೆದಿಡುವುದು ಯುಕ್ತವೆಂದು ಭಾವಿಸಿದ್ದೇನೆ.

ನಮ್ಮ ತಂದೆಯವರು ಆ ಕಾರನ್ನು ಕೊಂಡದ್ದು 1968ರಲ್ಲಿ. ಮೈಸೂರಿನಲ್ಲಿ ವೈದ್ಯವೃತ್ತಿಯಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು, ಕಣ್ಣು ಮಂದವಾದುದರಿಂದ ಇನ್ನು ಗಾಡಿ ನಡೆಸಲಾರೆನೆಂದು ನಿಶ್ಚಯಿಸಿ, ಆರು ವರ್ಷ ತಮ್ಮ ಕೈಯಲ್ಲಿ ಪಳಗಿದ್ದ ತಿಳಿನೀಲಿ ಬಣ್ಣದ ಫಿಯಟ್ 1100 ಸೂಪರ್ ಸೆಲೆಕ್ಟ್ ಕಾರನ್ನು 11,000 ರೂಪಾಯಿಗೆ ಒಪ್ಪಿಸಿದರು. ಒಪ್ಪಿಸುವಾಗ ಹೆಣ್ಣು ಒಪ್ಪಿಸಿಕೊಡುವವರ ಹಾಗೆ ಅವರ ಕೊರಳು ಗದ್ಗದವಾಯಿತೆಂದು ತಂದೆಯವರು ಹೇಳುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಊರನ್ನು ಪ್ರವೇಶಿಸಿದಾಗ, ಅಜ್ಜಿ ಕೆಂಪುನೀರಿನ ಆರತಿ ಎತ್ತಿ, ನಾಲ್ಕು ಗಾಲಿಗಳ ಕೆಳಗೂ ನಿಂಬೆಹಣ್ಣು ಇರಿಸಿ, ಬೂದುಗುಂಬಳಕಾಯಿ ಒಡೆಸಿದಳು. ಎತ್ತಿನ ಗಾಡಿಗೆ ಯಾವ ಉಪಚಾರ ಸಲ್ಲುತ್ತಿತ್ತೋ ಅದೇ ಉಪಚಾರ ಇದಕ್ಕೂ ಸಂದಿತು. ಇರುವೆಡೆಯೂ ಕೊಟ್ಟಿಗೆಯೇ ಆಯಿತು. ಒಂದು ಜೊತೆ ಎತ್ತುಗಳು ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಬಿಟ್ಟುಕೊಟ್ಟವು.

ಆ ಗಾಡಿಯ ವೈಚಿತ್ರ್ಯಗಳು ಒಂದೆರಡಲ್ಲ. ಬೇರೆಲ್ಲ ಕಾರುಗಳ ಮುಂಬಾಗಿಲು ಮುಂದಣ ಕಡೆ ಕೀಲು ಹೊಂದಿ ಹಿಂದಣ ಕಡೆ ತೆರೆಯುವುದಾದರೆ, ಇದರ ಮುಂಬಾಗಿಲು ನಡುವಣ ಕಂಬಕ್ಕೆ ಕೀಲುಗೊಂಡು ಮುಂದಣ ಕಡೆಯಿಂದ ತೆರೆಯುತ್ತಿತ್ತು; ಹಿಂಬಾಗಿಲಿನ ಕೀಲೂ ಅದೇ ಕಂಬಕ್ಕೆ ಇದ್ದುದರಿಂದ, ಎರಡು ಕದಗಳೂ ತೆರೆದು ನಿಂತಾಗ ಜಗಳವಾಡಿದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಬೆನ್ನು ತಿರುಗಿಸಿದಂತೆ ಕಾಣುತ್ತಿತ್ತು. ಮೊದಲ ದಿನ ನೋಡಬಂದ ನಮ್ಮ ಗದ್ದೆಯ ಆಳೊಬ್ಬ, "ಏನ್ ಬುದ್ಧಿ, ಬಾಗ್ಲ ಹಿಂದ್‌ಮುಂದ್ಲಾಗಿ ಮಡಗವ್ರಲ್ಲ!" ಎಂದು ಅಚ್ಚರಿಪಟ್ಟನು. ಆದರೆ ಸೀರೆಯುಟ್ಟವರೂ ಪಂಚೆಯುಟ್ಟವರೂ ನೆರಿಗೆ ಕೆಡದಂತೆ ಹಿಮ್ಮುಖವಾಗಿ ಕುಳಿತು ಕಾಲನ್ನು ಒಳಗೆಳೆದುಕೊಳ್ಳುವುದಕ್ಕೆ ಅಂಥ ಬಾಗಿಲಿಗಿಂತ ಅನುಕೂಲವಾದುದು ಬೇರೊಂದಿಲ್ಲವೆಂಬುದನ್ನು ನಮ್ಮ ಮನೆಯ ಹೆಂಗಸರು ವಾರದೊಳಗೆ ಕಂಡುಕೊಂಡರು. ಗೇರಿನ ಕೋಲು ಸ್ಟೀರಿಂಗಿನ ಕತ್ತಿಗೆ ಅಂಟಿಕೊಂಡಿತ್ತು. ಮುಂದಿನ ಆಸನ ಒಂದೇ ಅಖಂಡ ಪೀಠವಾದುದರಿಂದ ಇಬ್ಬರು ಕೂಡುವೆಡೆ ಮೂವರು ಕೂಡಬಹುದಾಗಿತ್ತು. ಜಾತ್ರೆಯ ದಿನಗಳಲ್ಲಿ ನಾಲ್ವರು ಕುಳಿತದ್ದೂ ಉಂಟು. ಮೊದಲನೆಯ ಗೇರಿಗೆ ಗಾಡಿ ಪೂರ್ತಿ ನಿಂತಮೇಲೆ ಮಾತ್ರ ಪ್ರವೇಶ; ಉರುಳುತ್ತಿರುವಾಗಲೇ ಆತುರಪಟ್ಟು ತಳ್ಳಿದರೆ ಹಲ್ಲು ಕಡಿಯುವ ಸದ್ದು ಕೇಳಬೇಕಾಗುತ್ತಿತ್ತು. ಬ್ಯಾಟರಿ ಮಲಗಿದ ಚಳಿಗಾಲದ ಬೆಳಗ್ಗೆ ಮುಂದೆ ಹ್ಯಾಂಡಲು ಹಾಕಿ ತಿರುಗಿಸುವ ಕೆಲಸಕ್ಕೆ ನಾವು ಹುಡುಗರು ಪಾಳಿಯ ಪ್ರಕಾರ ಸನ್ನದ್ಧರಾಗಿರುತ್ತಿದ್ದೆವು. ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಬೆರಳುಗಳ ಪಕ್ಕಕ್ಕೇ ಇರಿಸಿಕೊಳ್ಳಬೇಕೆಂಬುದು ನಮಗೆ ಬಾಲಪಾಠವಾಗಿತ್ತು, ಏಕೆಂದರೆ ಎಂಜಿನ್ನು ಹಿಂದಕ್ಕೆ ಒದ್ದರೆ ಬೆರಳಿನ ಮೂಳೆ ಉಳಿಯುವ ಭರವಸೆ ಇಲ್ಲ.

ಈ ವಿಚಿತ್ರಜೀವಿಯ ಜನ್ಮಸ್ಥಾನ ಉತ್ತರ ಇಟಲಿಯ ಟುರಿನ್ ನಗರ. ಅಲ್ಲಿ 1899ರಲ್ಲಿ ಸ್ಥಾಪಿತವಾದ ಮೋಟಾರು ಕಾರ್ಖಾನೆಯ ಇಟಾಲಿಯನ್ ಹೆಸರಿನ ಮೊದಲ ಅಕ್ಷರಗಳು ಕೂಡಿ ಆದದ್ದೇ ಫಿಯಟ್ ಎಂಬ ನಾಮಧೇಯ. ಆ ಸಂಸ್ಥೆಯ ಶಿಲ್ಪಿಗಳಲ್ಲಿ ಅಗ್ರಗಣ್ಯರಾದ ದಾಂತೆ ಜಾಕೋಸಾ ಎಂಬ ಎಂಜಿನಿಯರು, ಮಹಾಯುದ್ಧಕ್ಕೆ ಮುನ್ನವೇ ಅಲ್ಪವಿತ್ತದವರಿಗಾಗಿ ತೋಪೊಲೀನೋ ಎಂಬ, ಅಂದರೆ ಪುಟ್ಟ ಇಲಿ ಎಂಬ ಅಡ್ಡಹೆಸರಿನ ಚಿಕ್ಕ ಕಾರನ್ನು ನಿರ್ಮಿಸಿ ಕೀರ್ತಿಶಾಲಿಯಾಗಿದ್ದವರು, ಯುದ್ಧಾನಂತರ ಮಧ್ಯಮವರ್ಗದ ಸಂಸಾರವನ್ನು ಗಮನದಲ್ಲಿರಿಸಿಕೊಂಡು ಹೊಸ ಗಾಡಿಯೊಂದನ್ನು ರೂಪಿಸಿದರು. ಅದು 1953ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಲೋಕದ ಮುಂದೆ ಬಂದಿತು. ಎಂಜಿನ್ನಿನ ಗಾತ್ರ 1089 ಘನ ಸೆಂಟಿಮೀಟರು; ಅದನ್ನು ಸುಮಾರಾಗಿ ಸಾವಿರದ ನೂರು ಎಂದೆಣಿಸಿ ಇಟಲಿಯವರು ಮಿಲ್ಲೆಚೆಂತೊ ಎಂದು ಕರೆದರು. ಅದೇ ವರ್ಷ ಅದಕ್ಕೊಂದು ಚುರುಕಾದ ತಮ್ಮನೂ ಹುಟ್ಟಿದನು: ಟೂರಿಸ್ಮೊ ವೆಲೋಚೆ, ಎಂದರೆ ವೇಗದ ಪ್ರವಾಸಿ, ಎಂಬ ಬಿರುದು ಹೊತ್ತು, ಮುಖದ ಜಾಲರಿಯ ನಡುವೆ ಮೂರನೆಯ ಕಣ್ಣಿನಂತೆ ಒಂದು ದೀಪ ಧರಿಸಿ, ನಾಲ್ಕು ಬಾಗಿಲಿನ ಸಂಸಾರಿಗನಾಗಿದ್ದೂ ಪಂದ್ಯದ ಕುದುರೆಯಂತೆ ಓಡಬಲ್ಲವನು. ನಮ್ಮದು ಆ ಪಂಗಡದ್ದಲ್ಲ. ಆದರೆ ರಕ್ತ ಒಂದೇ. ಮದರಾಸಿನ ಬಳಿಯ ಷೋಳವರದ ಹಳೆಯ ವಿಮಾನದಾರಿಯಲ್ಲಿ ನಡೆಯುತ್ತಿದ್ದ ಮೋಟಾರು ಪಂದ್ಯಗಳಲ್ಲಿ, ಮನೆಬಳಕೆಯ ಫಿಯಟ್ಟುಗಳನ್ನೇ ತಿದ್ದಿ ತೀಡಿ ಓಡಿಸಿ ಕೀರ್ತಿ ಗಳಿಸಿದವರು ಹಲವರಿದ್ದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ತಂದೆಯವರು ಸಂಜೆ ಒಂಟಿಯಾಗಿ ಗಾಡಿ ತೆಗೆದುಕೊಂಡು ಹೋಗಿ ಬರುತ್ತಿದ್ದುದನ್ನು ನಾವು ಗಮನಿಸಿದ್ದೆವು.

ಈ ಕಥೆಗೆ ಮೈಸೂರಿನದೇ ಆದ ಒಂದು ಪೂರ್ವಪೀಠಿಕೆ ಉಂಟೆಂಬುದನ್ನು ಬಹುಜನರು ಮರೆತಿದ್ದಾರೆ. ದಿವಾನಗಿರಿಯಿಂದ ನಿವೃತ್ತರಾದ ಮೇಲೂ ವಿಶ್ರಾಂತಿಯನ್ನು ಅರಿಯದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು, 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿ ಅಂಥದೊಂದನ್ನು ಸ್ಥಾಪಿಸತಕ್ಕ ಯೋಜನೆಯನ್ನು ಅಂಕಿಅಂಶಗಳೊಡನೆ ಸಿದ್ಧಪಡಿಸಿದರು. ಅದನ್ನು ಕಾರ್ಯಕ್ಕೆ ತರಲು ಕಂಕಣ ಕಟ್ಟಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಮುಂಬಯಿಯಲ್ಲಿ ಕೈಗೂಡದೆಹೋದ ಆ ಯೋಜನೆಗೆ ಮೈಸೂರು ಸಂಸ್ಥಾನದಲ್ಲಿ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಆಶ್ರಯ ದೊರೆಯುವ ಲಕ್ಷಣಗಳು ಕಂಡುಬಂದವು. ಸಂಸ್ಥಾನವು ಪಾಲುಬಂಡವಾಳ ಹಾಕಲು ಸಿದ್ಧವಾಗಿತ್ತು. ಆದರೆ ಯುದ್ಧಕಾಲದಲ್ಲಿ ಮೋಟಾರು ತಯಾರಿಕೆ ಅತ್ಯವಶ್ಯಕವಲ್ಲವೆಂದು ಬ್ರಿಟಿಷ್ ಭಾರತದ ಸರ್ಕಾರವು ಅನುಮತಿಯನ್ನು ನಿರಾಕರಿಸಿತು. ಕಾರಿಗೆಂದು ಕೂಡಿದ ಆ ಸ್ನೇಹ ವ್ಯರ್ಥವಾಗಲಿಲ್ಲ: ಅದೇ ವಾಲ್‌ಚಂದರೂ ಅದೇ ಸಂಸ್ಥಾನವೂ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ನೆಲದ ಮೇಲೆ ಓಡುವುದನ್ನು ಬೇಡವೆಂದವರಿಗೆ ಆಕಾಶದಲ್ಲಿ ಹಾರುವುದು ಬೇಕಾಯಿತು. ಮೈಸೂರಿಗೆ ವಿಮಾನ ಲಭಿಸಿ ಕಾರು ತಪ್ಪಿತು.

ವಾಲ್‌ಚಂದರು ಹಟವನ್ನು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಕಂಪನಿಯನ್ನು ಹುಟ್ಟುಹಾಕಿ, ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಕಟ್ಟಿ, ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳನ್ನೂ ತರುವಾಯ ಫಿಯಟ್ಟುಗಳನ್ನೂ ಜೋಡಿಸತೊಡಗಿದರು. ಕೇವಲ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಜೋಡಿಸುವವರಿಗೆ ಇಲ್ಲಿ ಭವಿಷ್ಯವಿಲ್ಲ, ತಯಾರಿಕೆ ಇಲ್ಲಿಯೇ ಆಗತಕ್ಕದ್ದು ಎಂದು ಸುಂಕ ಆಯೋಗವು 1953ರಲ್ಲಿ ಸೂಚಿಸಿದ ಮೇಲೆ, ಫೋರ್ಡ್ ಮತ್ತು ಜನರಲ್ ಮೋಟರ್ಸ್‌ನಂಥ ಘಟಾನುಘಟಿಗಳು ಗಂಟುಮೂಟೆ ಕಟ್ಟಿ ಹೊರಟುಹೋದರು. ಪ್ರೀಮಿಯರಿನವರು ನಿಂತರು. ವಾಲ್‌ಚಂದರು ತೀರಿಕೊಂಡ ಮರುವರ್ಷ, 1954ರಲ್ಲಿ, ಮಿಲ್ಲೆಚೆಂತೊ ಭಾರತಕ್ಕೆ ಬಂದಿತು. ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂದು ಹೆಸರೂ ಮುಖವೂ ಸ್ವಲ್ಪಸ್ವಲ್ಪವೇ ಬದಲಾಗುತ್ತ, 1964ರ ಡಿಲೈಟ್ ಎಂಬ ಮಾದರಿಯಲ್ಲಿ ಮುಂಬಾಗಿಲು ಲೋಕರೂಢಿಗೆ ತಲೆಬಾಗಿ ನೆಟ್ಟಗಾಯಿತು. ನಮ್ಮದು ಹಾಗೆ ತಲೆಬಾಗುವುದಕ್ಕೆ ಮುಂಚಿನ ಪೀಳಿಗೆಯದು.

ಆ ಕಾಲದಲ್ಲಿ ಹೊಸ ಕಾರು ಕೊಳ್ಳುವುದೆಂದರೆ ಹಣವಿದ್ದ ಮಾತ್ರಕ್ಕೆ ಆಗುವ ಕೆಲಸವಾಗಿರಲಿಲ್ಲ. ಕಾರುಗಳ ಹಂಚಿಕೆಯನ್ನೂ ಮಾರಾಟವನ್ನೂ ನಿಯಂತ್ರಿಸುವ ಸರ್ಕಾರಿ ಆಜ್ಞೆಯೊಂದು 1959ರಲ್ಲಿ ಹೊರಟಿತ್ತು. ಠೇವಣಿಯಿಟ್ಟು ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೆಸರು ಬರೆಯಿಸಿದಾಗ ಹುಟ್ಟಿದ ಮಗು ಕಾರು ಬರುವ ಹೊತ್ತಿಗೆ ಶಾಲೆಗೆ ಹೋಗುತ್ತಿರುತ್ತದೆ ಎಂಬುದು ಆಗಿನ ವಿನೋದದ ಮಾತು. ಆದಕಾರಣ ಒಬ್ಬರ ಕೈಯಿಂದ ಒಬ್ಬರ ಕೈಗೆ ಬರುತ್ತಿದ್ದ ಹಳೆಯ ಗಾಡಿಗೆ ಇಂದು ನಾವು ಊಹಿಸಲಾರದಷ್ಟು ಗೌರವವಿತ್ತು, ಮತ್ತು ಗಾಡಿಯನ್ನು ಕೆಡಲು ಬಿಡದೆ ಕಾಪಾಡುವುದು ಪ್ರತಿಷ್ಠೆಯ ಪ್ರಶ್ನೆಯಾಗಿರದೆ ನಿರ್ವಾಹವಿಲ್ಲದ ಧರ್ಮವಾಗಿತ್ತು.

ಮೈಸೂರಿನಿಂದ ನಂಜನಗೂಡಿಗೆ ಬರುವಾಗ ಕಪಿಲೆಯನ್ನು ದಾಟುತ್ತಿದ್ದ ಹಳೆಯ ಸೇತುವೆಯನ್ನು ಇಲ್ಲಿ ಸ್ಮರಿಸದಿದ್ದರೆ ಅಪಚಾರವಾದೀತು. ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಕಲ್ಲು ಗಾರೆಗಳಿಂದ ಕಟ್ಟಿದ ಆ ಸೇತುವೆಯ ಮೇಲೆ ಮುಂದೊಂದು ಕಾಲದಲ್ಲಿ ರೈಲಿನ ಹಳಿಯನ್ನೂ ಹಾಸಿದ್ದರಿಂದ, ಒಂದೇ ಕಟ್ಟಡದ ಮೇಲೆ ರಸ್ತೆಯೂ ರೈಲೂ ಮೈಗೆ ಮೈ ತಾಗುವಂತೆ ಸಾಗುತ್ತಿದ್ದವು. ಒಂದು ಸಂಜೆ ಚಾಮರಾಜನಗರದ ಕಡೆಯ ರೈಲು ಹೊಗೆಯುಗುಳುತ್ತ ನಮ್ಮ ಪಕ್ಕಕ್ಕೇ ಬಂದಾಗ, ತಂದೆಯವರು ಗಾಡಿಯನ್ನು ನಿಲ್ಲಿಸಲೂ ಇಲ್ಲ, ಮುಂದೆ ನುಗ್ಗಿಸಲೂ ಇಲ್ಲ. ಎರಡನೆಯ ಗೇರಿನಲ್ಲಿ ರೈಲಿನ ನಡಿಗೆಗೆ ನಡಿಗೆ ಹೊಂದಿಸಿ ಸೇತುವೆಯ ಉದ್ದಕ್ಕೂ ಜೊತೆಯಾಗಿ ನಡೆಸಿದರು. ಬಂಡಿಗಳ ದಾರಿಗೆಂದು ಕಟ್ಟಿದ ಹದಿನೆಂಟನೆಯ ಶತಮಾನದ ಕಲ್ಲಿನ ಮೇಲೆ, ಹತ್ತೊಂಬತ್ತನೆಯ ಶತಮಾನದ ಹಬೆಯ ಬಲವೂ ಇಪ್ಪತ್ತನೆಯ ಶತಮಾನದ ಪೆಟ್ರೋಲಿನ ಬಲವೂ ಒಂದೇ ವೇಗದಲ್ಲಿ ಸಾಗುತ್ತಿದ್ದುವೆಂಬುದು ಆಗ ನನ್ನ ಬಾಲಬುದ್ಧಿಗೆ ಹೊಳೆಯದಿದ್ದರೂ, ರೈಲಿನ ಕಿಟಕಿಯಿಂದ ಕೈಬೀಸಿದ ಅಪರಿಚಿತ ಮುದುಕಿಯೊಬ್ಬಳ ನಗುಮುಖ ಇಂದಿಗೂ ನೆನಪಿನಲ್ಲಿದೆ.

ನಂಜನಗೂಡಿನ ದೊಡ್ಡ ಜಾತ್ರೆಗೆ ಗೌತಮರಥ ಹೊರಡುವ ಮುನ್ನ ಊರಿನ ವೃದ್ಧರನ್ನು ತಲಪಿಸುವುದು, ಪುಷ್ಯಮಾಸದಲ್ಲಿ ಸುತ್ತೂರಿನ ಜಾತ್ರೆಗೆ ಬಂಧುಗಳನ್ನು ಕರೆದೊಯ್ಯುವುದು, ಅಪರಾತ್ರಿಯಲ್ಲಿ ಹೆರಿಗೆನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಇವೆಲ್ಲ ಆ ಗಾಡಿಯ ನಿತ್ಯನೈಮಿತ್ತಿಕಗಳಾಗಿದ್ದವು. ಬಾಡಿಗೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ಮರುದಿನ ಜಗುಲಿಯ ಮೇಲೆ ಒಂದು ಗೊನೆ ರಸಬಾಳೆಯೋ ಒಂದು ಚೀಲ ಹೊಸ ಅಕ್ಕಿಯೋ ತಾನೇ ಬಂದು ಕುಳಿತಿರುತ್ತಿತ್ತು. 1979ರ ಕಾರ್ತಿಕದಲ್ಲಿ ತಲಕಾಡಿನ ಪಂಚಲಿಂಗ ದರ್ಶನಕ್ಕೆ ಹೋದಾಗ, ಆಗಷ್ಟೇ ಚಾಲನೆ ಕಲಿತಿದ್ದ ನನ್ನ ಅತ್ಯುತ್ಸಾಹದಿಂದ ಗಾಡಿ ದಾರಿ ಬಿಟ್ಟು ಮರಳಿನಲ್ಲಿ ಹೂತುಹೋಯಿತು. ಆ ಮರಳು ಗುಡಿಗಳನ್ನೇ ನುಂಗಿದ್ದು. ಫಿಯಟ್ಟು ಅದಕ್ಕೆ ಏನು ಮಹಾ! ಕಡೆಗೆ ಯಾತ್ರಿಕರ ಎತ್ತಿನ ಜೋಡಿಯೊಂದು ಹಗ್ಗ ಬಿಗಿಸಿಕೊಂಡು ಎಳೆದು ಮೇಲೆ ತಂದಿತು. ತಂದೆಯವರು ನನ್ನನ್ನು ಬಯ್ಯಲಿಲ್ಲ. ಎತ್ತುಗಳ ಹಣೆಯನ್ನು ಸವರಿ, "ನಮ್ಮ ಕೊಟ್ಟಿಗೆಯಲ್ಲಿ ಜಾಗ ಕೊಟ್ಟವರ ವಂಶದವರೇ ಇರಬೇಕು" ಎಂದರು.

ಆದರೆ ಗಾಡಿಯ ನಿಜವಾದ ಚರಿತ್ರೆ ನಡೆದದ್ದು ದಾರಿಯಲ್ಲಲ್ಲ, ಅದು ನಿಂತಾಗ. ನಂಜನಗೂಡಿನಲ್ಲಿ ಹುಣಿಸೆಮರದ ಕೆಳಗೆ ಅಂಗಡಿಯಿಟ್ಟಿದ್ದ ಒಬ್ಬ ಮೆಕ್ಯಾನಿಕ್ ಸಾಬರು, ಇಂಗ್ಲಿಷ್ ಅಕ್ಷರವನ್ನೂ ಇಟಾಲಿಯನ್ ಅಕ್ಷರವನ್ನೂ ಸಮಾನವಾಗಿ ಅರಿಯದವರು, ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚಿ, ಯಾವ ವಾಲ್ವಿನ ಸಂದು ಹೆಚ್ಚಾಗಿದೆಯೆಂದು ಹೇಳಬಲ್ಲವರಾಗಿದ್ದರು. ಪಾಯಿಂಟಿನ ಅಂತರವನ್ನು ಅಳೆಯಲು ಅವರಿಗೆ ಲಗ್ನಪತ್ರಿಕೆಯ ದಪ್ಪ ಕಾಗದದ ಒಂದು ತುಂಡು ಸಾಕಾಗಿತ್ತು. ಕಾರ್ಬೊರೇಟರಿನ ಜೆಟ್ಟಿಗೆ ತಂತಿ ಹಾಕಿದರೆ ರಂಧ್ರ ಹಿಗ್ಗುತ್ತದೆ, ಬಾಯಿಂದ ಊದಿಯೇ ಶುದ್ಧಿಮಾಡತಕ್ಕದ್ದು ಎಂಬುದು ಅವರ ಕಟ್ಟಳೆ. ಮುಂಗಾಲಿಗಳ ಕಿಂಗ್‌ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸು ತುಂಬದ ಮಾಲೀಕನನ್ನು, ಎತ್ತಿಗೆ ನೀರು ಕುಡಿಸದ ರೈತನನ್ನು ನೋಡುವಂತೆ ನೋಡುತ್ತಿದ್ದರು. ಹಿಂಗಾಲಿಗಳ ಕಮಾನುಪಟ್ಟಿ ಮುರಿದಾಗ ಅದನ್ನು ಕಾಯಿಸಿ ಹದ ಕೊಟ್ಟವರು ನಮ್ಮೂರಿನ ಕುಲುಮೆಯ ಆಚಾರರೇ. ಬಂಡಿಯ ಚಕ್ರಕ್ಕೆ ಹಳಿ ಹಾಕುತ್ತಿದ್ದ ಕೈ ಟುರಿನ್ನಿನ ಶಿಲ್ಪಿಯ ಲೆಕ್ಕಾಚಾರವನ್ನು ಯಾವ ಸಂಕೋಚವೂ ಇಲ್ಲದೆ ತಿದ್ದಿತು. ಇಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲು. ಅಲ್ಲಿಂದ ಬರಬೇಕಾಗಿದ್ದ ಡೈನಮೋದ ಒಂದು ಪಾರ್ಸಲು, ಒಂದಕ್ಷರದ ವ್ಯತ್ಯಾಸದಿಂದ, ಹುಣಸೂರು ದಾರಿಯ ಬಿಳಿಕೆರೆಗೆ ಹೋಗಿ ಹದಿನೈದು ದಿನ ಅತಿಥಿಯಾಗಿದ್ದು ಬಂದದ್ದೂ ಉಂಟು. ಅಷ್ಟು ದಿನ ಗಾಡಿ ದೀಪವಿಲ್ಲದೆ ಹಗಲುಸಂಚಾರಿಯಾಗಿತ್ತು.

"ಇದು ಕೈ ಗುರ್ತು ಹಿಡೀತದೆ ಬುದ್ಧಿ, ಬೇರೆಯವರ ಕೈಗೆ ಕೊಡಬ್ಯಾಡಿ" ಎಂದು ಸಾಬರು ತಂದೆಯವರಿಗೆ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆಯೆಂದು ನಾನು ಎಣಿಸಿದ್ದೆ. ಗಾಡಿ ನನ್ನ ವಶಕ್ಕೆ ಬಂದಮೇಲೆ ಅದರ ಅರ್ಥ ತಿಳಿಯಿತು. ಚೋಕನ್ನು ಎಷ್ಟು ಎಳೆಯಬೇಕು, ಏರಿನಲ್ಲಿ ಯಾವಾಗ ಗೇರು ಇಳಿಸಬೇಕು, ಬೇಸಗೆಯಲ್ಲಿ ಎಷ್ಟು ಹರದಾರಿಗೊಮ್ಮೆ ನಿಲ್ಲಿಸಿ ರೇಡಿಯೇಟರಿನ ನೀರು ನೋಡಬೇಕು, ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ; ಒಂದು ನಿರ್ದಿಷ್ಟ ಗಾಡಿಯೊಡನೆ ಒಬ್ಬ ನಿರ್ದಿಷ್ಟ ಮನುಷ್ಯನು ಮಾಡಿಕೊಂಡ ಒಡಂಬಡಿಕೆಗಳು. ನೀರು ನೋಡಲು ನಾನು ಮರೆತ ಒಂದು ಮಧ್ಯಾಹ್ನ ಅದು ಮೂಗೂರಿನ ದಾರಿಯಲ್ಲಿ ಹಬೆಯುಗುಳಿ ನಿಂತು, ತಪ್ಪು ಯಾರದೆಂಬುದನ್ನು ನನಗೆ ಸ್ಪಷ್ಟಪಡಿಸಿತು.

ಕಾಲ ಬದಲಾಗುತ್ತಿತ್ತು. 1973ರ ತೈಲದ ಬಿಕ್ಕಟ್ಟಿನಿಂದ ಪೆಟ್ರೋಲು ದುಬಾರಿಯಾಗಿ, ಗಾಡಿ ವಾರಕ್ಕೆ ಎರಡು ದಿನ ಮಾತ್ರ ಹೊರಡತೊಡಗಿತು. ಆ ವರ್ಷದ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಮರುವರ್ಷ, ಕಬಿನಿಯ ಅಣೆಕಟ್ಟು ಪೂರ್ಣಗೊಂಡ 1974ರಲ್ಲಿಯೇ, ಕುರ್ಲಾದ ಕಾರಿಗೂ ಪದ್ಮಿನಿ ಎಂಬ ಭಾರತೀಯ ನಾಮಕರಣವಾಯಿತು. ಆದರೆ ನಮ್ಮೂರಿನವರು ಹೊಸ ಹೆಸರನ್ನು ಒಪ್ಪಲಿಲ್ಲ. ಪದ್ಮಿನಿಯನ್ನು ಕಂಡರೂ "ಪಿಯಟ್ಟು ಬಂತು" ಎಂದೇ ಹೇಳಿದರು. ಇಟಲಿಯವರು ತಮ್ಮ ಮಿಲ್ಲೆಚೆಂತೊವನ್ನು 1969ರಲ್ಲಿಯೇ ನಿಲ್ಲಿಸಿಬಿಟ್ಟಿದ್ದರು. ಹೆತ್ತವರು ಕೈಬಿಟ್ಟ ಮೇಲೂ ಸಾಕಿದವರು ಅದನ್ನು ಶತಮಾನದ ಕೊನೆಯವರೆಗೆ ತಯಾರಿಸುತ್ತ ಬಂದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ಹಗುರವಾದ, ಮುಂಗಾಲಿಯಿಂದ ಎಳೆಯುವ, ಹ್ಯಾಂಡಲಿನ ಗೊಡವೆಯಿಲ್ಲದ ಆ ಗಾಡಿಯ ಎದುರು ಹಳೆಯದು ಹಿಂದೆ ಸರಿಯಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪುಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಕಡೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತಿಹೊಂದಿತು.

ಹೊಸ ಗಾಡಿಗಳನ್ನು ನಾನು ದೂಷಿಸುವವನಲ್ಲ. ಅವು ಹೆಚ್ಚು ಸುರಕ್ಷಿತ, ಹೆಚ್ಚು ಮಿತವ್ಯಯದವು. ಅಪರಾತ್ರಿಯಲ್ಲಿ ರೋಗಿಯನ್ನು ಕೂಡಿಸಿಕೊಂಡು ಹೊರಟಾಗ ಹ್ಯಾಂಡಲು ತಿರುಗಿಸುವವರನ್ನು ಹುಡುಕುವ ಅಗತ್ಯವಿಲ್ಲ. ಆದರೆ ನಮ್ಮ ಮನೆಯ ಈಗಿನ ಕಾರು ಕೆಟ್ಟಾಗ ಅದರ ಬಾನೆಟ್ಟನ್ನು ತೆರೆದು ನೋಡುವ ಧೈರ್ಯ ನಂಜನಗೂಡಿನಲ್ಲಿಯೂ ಇಲ್ಲ, ಬಿಳಿಗೆರೆಯ ಕುಲುಮೆಯಲ್ಲಂತೂ ಇಲ್ಲ. ಅದರ ಅಂತರಂಗವನ್ನು ಕಂಪ್ಯೂಟರಿಗೆ ಹೇಳಿಸಿ ಕೇಳಬೇಕು. ಇದರಿಂದ ನಾನು ಮುಟ್ಟಿದ ತೀರ್ಮಾನ ಇಷ್ಟೆ: ಯಂತ್ರವೊಂದು ಯಾವ ದೇಶದ್ದೆಂಬುದನ್ನು ಅದು ಹುಟ್ಟಿದ ಕಾರ್ಖಾನೆಯಿಂದ ನಿರ್ಣಯಿಸಲಾಗದು, ಅದನ್ನು ಸರಿಪಡಿಸಬಲ್ಲವರು ಇರುವ ಊರಿನಿಂದ ನಿರ್ಣಯಿಸಬೇಕು. ವಿಶ್ವೇಶ್ವರಯ್ಯನವರು ಬಯಸಿದ ಕಾರ್ಖಾನೆ ಮೈಸೂರಿಗೆ ಬರಲಿಲ್ಲ; ಆದರೂ ಹುಣಿಸೆಮರದ ಕೆಳಗಿನ ಸಾಬರೂ ಕುಲುಮೆಯ ಆಚಾರರೂ ಕೂಡಿ, ಒಂದು ಗಾಡಿಯ ಮಟ್ಟಿಗೆ, ಆ ಕೊರತೆಯನ್ನು ತುಂಬಿಕೊಟ್ಟರು.

ಸಾಬರು ಈಗಿಲ್ಲ. ಅವರು ಕೊಟ್ಟ ಲಗ್ನಪತ್ರಿಕೆಯ ತುಂಡೊಂದು ಇಂದಿಗೂ ಗಾಡಿಯ ಡ್ಯಾಷ್‌ಬೋರ್ಡಿನ ಗೂಡಿನಲ್ಲಿದೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಅದರಿಂದಲೇ ಪಾಯಿಂಟನ್ನು ಅಳೆದು, ಹ್ಯಾಂಡಲು ಹಾಕಿ, ಎಂಜಿನ್ನನ್ನು ಎಬ್ಬಿಸುತ್ತೇನೆ. ಆ ದಿನಗಳಲ್ಲಿ ನೀವು ಈ ಕಡೆ ಬಂದರೆ ಕೆರೆಯ ಏರಿಯವರೆಗೆ ಒಂದು ಸುತ್ತು ಕರೆದೊಯ್ಯಬಲ್ಲೆ. ಹತ್ತುವಾಗ ಒಂದನ್ನು ಮಾತ್ರ ನೆನಪಿನಲ್ಲಿಡಿ: ಮುಂಬಾಗಿಲಿನ ಹಿಡಿ ಮುಂದಣ ತುದಿಯಲ್ಲಿದೆ.